ದಾಗೇರ್ ಬೀದಿಯ ಸಿನಿಮಾ ಕಂಪನಿ

(ಚಿತ್ರ ಸಮಾಜವೊಂದರ ಸಭೆಯಲ್ಲಿ ಫ್ರಾನ್ಸಿನ ಸಿನಿಮಾ ನಿರ್ದೇಶಕಿ ಆನ್ಯೆಸ್ ವಾರ್ದಾ ಬಗ್ಗೆ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆನ್ಯೆಸ್ ವಾರ್ದಾ ಅಂದ ಕೂಡಲೇ ನಿಮ್ಮಲ್ಲಿ ಹಲವರಿಗೆ ಒಬ್ಬ ಕುಳ್ಳಗಿನ ಅಜ್ಜಿ ನೆನಪಾಗುತ್ತಾರೆ. ನೆತ್ತಿಯ ಮೇಲೆ ಬಿಳಿ ಕೂದಲು, ಅದರ ಸುತ್ತ ಕೆಂಪು ಬಣ್ಣ. ತೊಡೆಯ ಮೇಲೆ ಬೆಕ್ಕು. 2003ರಲ್ಲಿ ವೆನಿಸ್ ಕಲಾ ಪ್ರದರ್ಶನಕ್ಕೆ ಆಲೂಗಡ್ಡೆ ವೇಷ ಹಾಕಿಕೊಂಡು ಹೋಗಿದ್ದರು. 2018ರಲ್ಲಿ ಆಸ್ಕರ್ ನಾಮನಿರ್ದೇಶಿತರ ಊಟಕ್ಕೆ ಹೋಗಲಾಗದೆ ತಮ್ಮದೇ ರಟ್ಟಿನ ಕಟೌಟ್ ಕಳಿಸಿದ್ದರು. ಆ ಕಟೌಟ್ ಪಕ್ಕ ನಿಂತು ದೊಡ್ಡ ದೊಡ್ಡ ನಟರು ಫೋಟೋ ತೆಗೆಸಿಕೊಂಡರು. ಎಷ್ಟು ಮುದ್ದಾದ ಅಜ್ಜಿ, ಅಲ್ವಾ?

ನನ್ನ ತಕರಾರು ಇರುವುದು ಈ ಮುದ್ದಿನ ಬಗ್ಗೆಯೇ. ಈ ಅಜ್ಜಿ ವೇಷವನ್ನು ವಾರ್ದಾ ತಾವೇ ಬೇಕೆಂದು ಕಟ್ಟಿಕೊಂಡಿದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ಅದರ ಹಿಂದೆ ಇನ್ನೊಬ್ಬರು ಇದ್ದಾರೆ. ಲೆಕ್ಕಪತ್ರ ನೋಡುವ, ಸಾಲ ಮಾಡುವ, ಕರಾರಿಗೆ ಸಹಿ ಹಾಕುವ ಕಂಪನಿ ಯಜಮಾನಿ. ಪಾತ್ರಗಳ ಮೇಲೆ ಒಂಚೂರೂ ಕರುಣೆ ಸುರಿಸದ ಚಿತ್ರಕಥೆಗಾರ್ತಿ. ಆ ಗಟ್ಟಿ ಹೆಂಗಸಿನ ಬಗ್ಗೆ ಇವತ್ತು ಮಾತಾಡುತ್ತೇನೆ. ಚಿತ್ರಗಳ ಹೆಸರನ್ನು ಕೆಲವು ಕಡೆ ಫ್ರೆಂಚಿನಲ್ಲಿ, ಕೆಲವು ಕಡೆ ಇಂಗ್ಲಿಷಿನಲ್ಲಿ ಹೇಳುತ್ತೇನೆ. ಯಾವುದರಲ್ಲಿ ಹುಡುಕಿದರೆ ಬೇಗ ಸಿಗುತ್ತದೋ ಅದು.

ವಾರ್ದಾ ಹುಟ್ಟಿದ್ದು 1928ರ ಮೇ 30ರಂದು, ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ. ಅಪ್ಪ ಗ್ರೀಕ್ ಮೂಲದ ಎಂಜಿನಿಯರ್, ಅಮ್ಮ ಫ್ರೆಂಚ್. 1940ರಲ್ಲಿ ಯುದ್ಧ ಬಂದಾಗ ಮನೆಮಂದಿಯೆಲ್ಲ ಫ್ರಾನ್ಸಿನ ದಕ್ಷಿಣ ತೀರದ ಸೆತ್ ಊರಿಗೆ ಬಂದು, ಅಲ್ಲಿ ಒಂದು ದೋಣಿಯಲ್ಲಿ ಸಂಸಾರ ಹೂಡಿದರು. ಆಮೇಲೆ ಪ್ಯಾರಿಸ್. ಅಲ್ಲಿ ಕಲಾ ಇತಿಹಾಸದ ಪಾಠ, ಜೊತೆಗೆ ಫೋಟೋಗ್ರಫಿ. ನಾಟಕದ ದೊಡ್ಡ ನಿರ್ದೇಶಕ ಜಾಂ ವಿಲಾರ್ ಸೆತ್ ಊರಿನವರೇ. ಅವರ ಆವಿನ್ಯೋಂ ನಾಟಕೋತ್ಸವಕ್ಕೂ, 1951ರಿಂದ ಅವರು ನಡೆಸಿದ ಜನತಾ ರಂಗಭೂಮಿಗೂ ವಾರ್ದಾ ಫೋಟೋಗ್ರಾಫರ್ ಆದರು. ಹತ್ತು ವರ್ಷ ಅದೇ ಹೊಟ್ಟೆಪಾಡು. ಅದೇ 1951ರಲ್ಲಿ ಪ್ಯಾರಿಸ್‌ನ ದಾಗೇರ್ ಬೀದಿಯಲ್ಲಿ ಹಳೆಯ ಅಂಗಡಿಗಳಿದ್ದ ಒಂದು ಜಾಗ ಕೊಂಡರು. ಮಧ್ಯೆ ಅಂಗಳ, ಸುತ್ತ ಕೋಣೆಗಳು. ಈ ಮನೆಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಅವರ ಸಂಸಾರ, ಆಫೀಸು, ಎಡಿಟಿಂಗ್ ಎಲ್ಲ ನಡೆದಿದ್ದು ಇಲ್ಲೇ. 2019ರಲ್ಲಿ ಅವರು ತೀರಿಕೊಂಡಿದ್ದೂ ಇಲ್ಲೇ.

ಸಿನಿಮಾಕ್ಕೆ ಬಂದ ರೀತಿ ವಿಚಿತ್ರ. 1950ರ ದಶಕದ ಕೊನೆಗೆ ಫ್ರೆಂಚ್ ಸಿನಿಮಾದ ರೀತಿ ಬದಲಿಸಿದ 'ಹೊಸ ಅಲೆ'ಯ ಹುಡುಗರ ಕಥೆ ನಿಮಗೆ ಗೊತ್ತಿದೆ. ತ್ರುಫೋ, ಗೊದಾರ್ ಮುಂತಾದವರು ಹಗಲು ರಾತ್ರಿ ಸಿನಿಮಾ ನೋಡಿ, ಪತ್ರಿಕೆಯಲ್ಲಿ ಜಗಳವಾಡಿ, ಆಮೇಲೆ ಕ್ಯಾಮೆರಾ ಹಿಡಿದವರು. ವಾರ್ದಾ ಇಪ್ಪತ್ತೈದು ವರ್ಷದ ಹೊತ್ತಿಗೆ ನೋಡಿದ್ದ ಸಿನಿಮಾಗಳು ಕೈಬೆರಳಿನಲ್ಲಿ ಎಣಿಸುವಷ್ಟು. ಯಾರ ಹತ್ತಿರವೂ ಸಹಾಯಕಿಯಾಗಿ ದುಡಿದವರಲ್ಲ. ಆಗ ಫ್ರಾನ್ಸಿನಲ್ಲಿ ನಿರ್ದೇಶಕರಾಗಬೇಕಾದರೆ ಮೆಟ್ಟಿಲು ಮೆಟ್ಟಿಲು ಹತ್ತಿ ಬರಬೇಕಿತ್ತು, ವೃತ್ತಿ ಕಾರ್ಡ್ ಬೇಕಿತ್ತು. ಅದ್ಯಾವುದೂ ಇಲ್ಲದೆ ಈಕೆ ಮನೆಯಲ್ಲಿ ಕೂತು ಒಂದು ಚಿತ್ರಕಥೆ ಬರೆದರು.

ಅದೇ 'ಲಾ ಪ್ವಾಂತ್ ಕೂರ್ತ್'. 1954ರಲ್ಲಿ ಚಿತ್ರೀಕರಣ, 1955ರಲ್ಲಿ ಸಿದ್ಧ. ಪ್ವಾಂತ್ ಕೂರ್ತ್ ಅನ್ನುವುದು ಸೆತ್ ಊರಿನ ಬೆಸ್ತರ ಕೇರಿ. ಚಿತ್ರದಲ್ಲಿ ಎರಡು ಎಳೆ ಇವೆ. ಒಂದರಲ್ಲಿ ಆ ಕೇರಿಯ ನಿಜವಾದ ಜನ. ಹಿನ್ನೀರಿನ ಚಿಪ್ಪುಮೀನು ಹಿಡಿಯಬಾರದು ಅಂತ ಆರೋಗ್ಯ ಇಲಾಖೆಯವರು ಬರುತ್ತಾರೆ, ಇವರು ಕಣ್ಣು ತಪ್ಪಿಸುತ್ತಾರೆ. ಮಗು ಸಾಯುತ್ತದೆ, ದೋಣಿ ಆಟ ನಡೆಯುತ್ತದೆ, ಬಟ್ಟೆ ಒಣಗುತ್ತದೆ. ಇನ್ನೊಂದು ಎಳೆಯಲ್ಲಿ ಪ್ಯಾರಿಸ್‌ನಿಂದ ಬಂದ ಗಂಡ ಹೆಂಡತಿ. ಬೇರೆಯಾಗಬೇಕೋ ಬೇಡವೋ ಅಂತ ಮಾತಾಡುತ್ತಾ ಕೇರಿಯಲ್ಲಿ ಸುತ್ತುತ್ತಾರೆ. ಫಿಲಿಪ್ ನ್ವಾರೆ ಮತ್ತು ಸಿಲ್ವಿಯಾ ಮೊಂಫೋರ್ ಆ ಜೋಡಿ. ಒಂದು ಎಳೆಗೆ ಇನ್ನೊಂದರ ಹಂಗಿಲ್ಲ. ಬೆಸ್ತರ ಕಷ್ಟಕ್ಕೂ ಈ ಗಂಡ ಹೆಂಡಿರ ಕಷ್ಟಕ್ಕೂ ನಿರ್ದೇಶಕಿ ಗಂಟು ಹಾಕುವುದೇ ಇಲ್ಲ. ಎರಡು ಕಥೆಗಳನ್ನು ಸರದಿಯ ಮೇಲೆ ಹೇಳಿ ಕೊನೆವರೆಗೂ ಸೇರಿಸದೇ ಬಿಡುವ ಈ ಉಪಾಯ ಅವರಿಗೆ ಹೊಳೆದದ್ದು ಅಮೆರಿಕದ ಲೇಖಕ ಫಾಕ್ನರ್ ಅವರ ಕಾದಂಬರಿ ಓದಿ. ಅವರ ಗುರು ಸಿನಿಮಾ ಆಗಿರಲಿಲ್ಲ. ಪುಸ್ತಕ ಮತ್ತು ಫೋಟೋ.

ಈಗ ಹಣದ ವಿಷಯಕ್ಕೆ ಬರೋಣ. ಇದಕ್ಕೆ ಆದ ಖರ್ಚು ಸುಮಾರು 70 ಲಕ್ಷ ಹಳೆಯ ಫ್ರಾಂಕ್. ಅಂದರೆ ಆಗಿನ 14,000 ಡಾಲರ್ ಆಸುಪಾಸು. ಸಾಮಾನ್ಯ ಫ್ರೆಂಚ್ ಚಿತ್ರದ ಬಜೆಟ್ಟಿನ ಒಂದು ಸಣ್ಣ ಚೂರು. ಅಷ್ಟನ್ನೂ ಹೊಂದಿಸಲು ವಾರ್ದಾ ಒಂದು ಸಹಕಾರಿ ಪದ್ಧತಿ ಮಾಡಿದರು. ನಟರು, ತಂತ್ರಜ್ಞರು ಸಂಬಳ ತೆಗೆದುಕೊಳ್ಳದೆ ತಮ್ಮ ದುಡಿಮೆಯನ್ನೇ ಪಾಲು ಬಂಡವಾಳವಾಗಿ ಹಾಕಿದರು. ಉಳಿದದ್ದು ಸಾಲ ಮತ್ತು ಮನೆಯಿಂದ ಬಂದ ಹಣ. ಆ ಪಾಲುದಾರರ ಬಾಕಿ ತೀರಿಸಲು ವರ್ಷಗಟ್ಟಲೆ ಹಿಡಿಯಿತು. ಕಂಪನಿಗೆ ಇಟ್ಟ ಹೆಸರು ತಮಾರಿಸ್. ಅದೇ ಆಮೇಲೆ ಸಿನೆ-ತಮಾರಿಸ್ ಆಯಿತು. ಇವತ್ತಿಗೂ ದಾಗೇರ್ ಬೀದಿಯಲ್ಲೇ ಇದೆ.

ಎಡಿಟಿಂಗ್ ಮಾಡಿದವರು ಆಲ್ಯಾಂ ರೆನೆ. ಆಗ ಅವರಿನ್ನೂ ಪೂರ್ಣಾವಧಿಯ ಚಿತ್ರ ಮಾಡಿರಲಿಲ್ಲ. ಮೊದಲು ಒಲ್ಲೆ ಅಂದರಂತೆ. ತಾನು ಮಾಡಬೇಕು ಅಂದುಕೊಂಡಿದ್ದಕ್ಕೆ ಇದು ತೀರಾ ಹತ್ತಿರ ಇದೆ ಅನ್ನುವುದು ಅವರ ಕಾರಣ. ಕೊನೆಗೆ ಒಪ್ಪಿ, ತಿಂಗಳುಗಟ್ಟಲೆ ದುಡ್ಡಿಲ್ಲದೆ ಕೂತು ಕತ್ತರಿಸಿದರು. ನಡುನಡುವೆ ಈ ಶಾಟ್ ವಿಸ್ಕೊಂತಿ ಥರ ಇದೆ, ಇದು ಆಂತೊನಿಯೊನಿ ಥರ ಇದೆ ಅನ್ನುತ್ತಿದ್ದರಂತೆ. ವಾರ್ದಾಗೆ ಆ ಇಟಲಿಯ ನಿರ್ದೇಶಕರು ಯಾರೆಂದೇ ಗೊತ್ತಿಲ್ಲ! ಸಿನಿಮಾ ನೋಡಲು ಶುರು ಮಾಡಿದ್ದೇ ಸಿನಿಮಾ ಮಾಡಿದ ಮೇಲೆ.

ತ್ರುಫೋ ಅವರ ಮೊದಲ ಪೂರ್ಣಾವಧಿ ಚಿತ್ರ ಬಂದಿದ್ದು 1959ರಲ್ಲಿ, ಗೊದಾರ್ ಅವರದು 1960ರಲ್ಲಿ. ಇವರಿಬ್ಬರಿಗಿಂತ ನಾಲ್ಕೈದು ವರ್ಷ ಮುಂಚೆಯೇ ವಾರ್ದಾ ಬೀದಿಗೆ ಕ್ಯಾಮೆರಾ ಒಯ್ದು, ಕಡಿಮೆ ಹಣದಲ್ಲಿ, ತಮ್ಮದೇ ಕಥೆಯಿಟ್ಟು ಚಿತ್ರ ಮುಗಿಸಿದ್ದರು. ಆಮೇಲೆ ಅವರಿಗೆ ಬಂದ ಬಿರುದು 'ಹೊಸ ಅಲೆಯ ಅಜ್ಜಿ'. ಇನ್ನೂ ಮೂವತ್ತು ಚಿಲ್ಲರೆ ವಯಸ್ಸು! ಹುಡುಗರು ಪ್ರವರ್ತಕರು, ಅವರಿಗಿಂತ ಮೊದಲು ಮಾಡಿದ ಹೆಂಗಸು ಮಾತ್ರ ಅಜ್ಜಿ. ನನಗೆ ಈ ಬಿರುದು ಆವತ್ತೂ ಇವತ್ತೂ ಇಷ್ಟವಿಲ್ಲ.

ಇಷ್ಟಾದರೂ ಎರಡನೇ ಪೂರ್ಣಾವಧಿ ಚಿತ್ರಕ್ಕೆ ಏಳು ವರ್ಷ ಕಾಯಬೇಕಾಯಿತು. ಆ ಮಧ್ಯೆ ಪ್ರವಾಸೋದ್ಯಮ ಇಲಾಖೆಗೆ ಕಿರುಚಿತ್ರ ಮಾಡಿಕೊಟ್ಟರು, ಫೋಟೋ ಕೆಲಸ ಮಾಡಿದರು. ಆಮೇಲೆ ಸಿಕ್ಕಿದ್ದು ಜಾರ್ಜ್ ದ ಬೊರೆಗಾರ್ ಅನ್ನುವ ನಿರ್ಮಾಪಕ. ಗೊದಾರ್ ಚಿತ್ರ ಗೆದ್ದ ಮೇಲೆ ಅಂಥದ್ದೇ ಹೊಸಬರು ಬೇಕು ಅಂತ ಹುಡುಕುತ್ತಿದ್ದವರು. ಈ ಬೊರೆಗಾರ್‌ಗೆ ಗೊದಾರ್ ಇನ್ನೊಬ್ಬ ನಿರ್ದೇಶಕ ಜಾಕ್ ದಮಿಯನ್ನು ತೋರಿಸಿದರು, ದಮಿ ವಾರ್ದಾರನ್ನು ತೋರಿಸಿದರು. ವಾರ್ದಾ ತಲೆಯಲ್ಲಿದ್ದ ಚಿತ್ರಕ್ಕೆ ತುಂಬಾ ಹಣ ಬೇಕಿತ್ತು. ಬೊರೆಗಾರ್ ಅದು ಬೇಡ, ಕಪ್ಪು ಬಿಳುಪಿನಲ್ಲಿ, ಕಡಿಮೆ ಖರ್ಚಿನಲ್ಲಿ ಏನಾದರೂ ಹೇಳಿ ಅಂದರು. ವಾರ್ದಾ ಲೆಕ್ಕ ಹಾಕಿದರು. ಪ್ಯಾರಿಸ್ ಬಿಟ್ಟು ಹೋಗದಿದ್ದರೆ ಪ್ರಯಾಣದ ಖರ್ಚಿಲ್ಲ. ಕಥೆ ಒಂದೇ ದಿನದಲ್ಲಿ ಮುಗಿದರೆ ಋತು ಬದಲಾಗುವ ರಗಳೆಯಿಲ್ಲ. ದಿನ ಯಾಕೆ, ಒಂದೂವರೆ ಗಂಟೆಯಲ್ಲೇ ಮುಗಿದರೆ?

ಹೀಗೆ ಬಂತು 'ಕ್ಲೆಯೋ ಫ್ರಮ್ 5 ಟು 7', 1962ರಲ್ಲಿ. ಕ್ಲೆಯೋ ಒಬ್ಬ ಗಾಯಕಿ. ಕ್ಯಾನ್ಸರ್ ಇದೆಯೋ ಇಲ್ಲವೋ ಅನ್ನುವ ಪರೀಕ್ಷೆಯ ಫಲಿತಾಂಶ ಸಂಜೆ ಬರಬೇಕು. ಅಲ್ಲಿವರೆಗೆ ಅವಳು ಊರು ಸುತ್ತುತ್ತಾಳೆ. ಚಿತ್ರ ಹದಿಮೂರು ಅಧ್ಯಾಯಗಳಾಗಿ ಒಡೆದಿದೆ, ಪ್ರತಿಯೊಂದಕ್ಕೂ ಗಂಟೆ ನಿಮಿಷದ ಸಮೇತ ತಲೆಬರಹ. ಹೆಸರಲ್ಲಿ ಏಳು ಗಂಟೆ ಅಂತಿದ್ದರೂ ಚಿತ್ರ ಆರೂವರೆಗೇ ಮುಗಿಯುತ್ತದೆ. ಉಳಿದ ಅರ್ಧ ಗಂಟೆ ನಮಗೆ ಬಿಟ್ಟಿದ್ದು.

ಈ ಚಿತ್ರವನ್ನು ಸುಮ್ನೆ 'ಸಾವಿನ ಭಯದ ಕಥೆ' ಅಂತ ನೋಡಿದರೆ ಅದರ ಕಟ್ಟಡ ಕಾಣುವುದಿಲ್ಲ. ಮೊದಲರ್ಧದಲ್ಲಿ ಎಲ್ಲಿ ನೋಡಿದರೂ ಕನ್ನಡಿ. ಟೋಪಿ ಅಂಗಡಿ, ಹೋಟೆಲು, ಮನೆ. ಕ್ಲೆಯೋ ತನ್ನನ್ನೇ ನೋಡಿಕೊಳ್ಳುತ್ತಾಳೆ, ಊರೂ ಅವಳನ್ನು ನೋಡುತ್ತದೆ. ಸರಿಯಾಗಿ ನಡುವಿನಲ್ಲಿ ಒಂದು ಹಾಡು ಬರುತ್ತದೆ. ಪಿಯಾನೊ ಬಾರಿಸುವವರು ಸಂಗೀತ ನಿರ್ದೇಶಕ ಮಿಷೆಲ್ ಲಗ್ರಾಂ ಸ್ವತಃ. ಅಭ್ಯಾಸಕ್ಕೆ ಅಂತ ಶುರುವಾದ ಹಾಡು ಅವಳನ್ನು ಅಲ್ಲಾಡಿಸಿಬಿಡುತ್ತದೆ. ವಿಗ್ ಕಿತ್ತು ಬಿಸಾಕಿ, ಕಪ್ಪು ಬಟ್ಟೆ ತೊಟ್ಟು, ಒಬ್ಬಳೇ ಬೀದಿಗೆ ಇಳಿಯುತ್ತಾಳೆ. ಅಲ್ಲಿಂದ ಮುಂದೆ ಅವಳು ಊರನ್ನು ನೋಡುತ್ತಾಳೆ. ಕಪ್ಪೆ ನುಂಗಿ ಕಾಸು ಕೇಳುವವನನ್ನು, ಕೆಫೆಯಲ್ಲಿ ಹರಟುವವರನ್ನು. ಟ್ಯಾಕ್ಸಿ ರೇಡಿಯೋದಲ್ಲಿ, ಆಗ ಫ್ರಾನ್ಸ್ ಅಲ್ಜೀರಿಯಾದಲ್ಲಿ ನಡೆಸುತ್ತಿದ್ದ ಯುದ್ಧದ ಸುದ್ದಿ ಬರುತ್ತಿರುತ್ತದೆ. ಕೊನೆಗೆ ಉದ್ಯಾನದಲ್ಲಿ ಸಿಗುವ ಸೈನಿಕ ಅದೇ ರಾತ್ರಿ ಆ ಯುದ್ಧಕ್ಕೆ ಹೊರಟವನು. ಸಾವಿನ ಭಯ ಇಬ್ಬರಿಗೂ ಇದೆ. ಅವಳದು ಮೈಯೊಳಗಿನದು, ಅವನದು ಸರ್ಕಾರ ಕೊಟ್ಟಿದ್ದು. ಇದನ್ನು ಚಿತ್ರ ಬಾಯಿಬಿಟ್ಟು ಹೇಳುವುದಿಲ್ಲ.

2022ರಲ್ಲಿ ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ವಿಮರ್ಶಕರ ಮತ ಎಣಿಸಿದಾಗ ಜಗತ್ತಿನ ಚಿತ್ರಗಳ ಪಟ್ಟಿಯಲ್ಲಿ ಕ್ಲೆಯೋ 14ನೆಯ ಸ್ಥಾನದಲ್ಲಿತ್ತು. ಪಟ್ಟಿಗಳ ಮೇಲೆ ನನಗೆ ಅಷ್ಟೇನೂ ಮೋಹವಿಲ್ಲ. ಖರ್ಚು ಉಳಿಸಲು ಹುಟ್ಟಿದ ಉಪಾಯ ಎಲ್ಲಿಗೆ ಮುಟ್ಟಿತು ಅಂತ ತೋರಿಸಲು ಹೇಳಿದೆ, ಅಷ್ಟೇ.

ಈಗ ನನ್ನ ಮಟ್ಟಿಗೆ ಅವರ ಅತಿ ಕ್ರೂರ ಚಿತ್ರ. 1965ರ 'ಲ ಬೊನರ್'. 'ಸುಖ' ಅಂತ ಅರ್ಥ. ಬರ್ಲಿನ್ ಚಿತ್ರೋತ್ಸವದಲ್ಲಿ ಬೆಳ್ಳಿ ಕರಡಿ ಪ್ರಶಸ್ತಿ ಬಂತು. ಫ್ರಾಂಸ್ವಾ ಒಬ್ಬ ಬಡಗಿ. ಹೆಂಡತಿ ತೆರೇಸ್ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಇಬ್ಬರು ಪುಟ್ಟ ಮಕ್ಕಳು. ಭಾನುವಾರ ಕಾಡಿಗೆ ಹೋಗಿ ಬುತ್ತಿ ಉಣ್ಣುತ್ತಾರೆ. ಸೂರ್ಯಕಾಂತಿ ಹೂ, ಮೊಟ್ಸಾರ್ಟ್ ಸಂಗೀತ, ಕಣ್ಣಿಗೆ ಹಬ್ಬದಂಥ ಬಣ್ಣ. ನಟ ಜಾಂ-ಕ್ಲೋದ್ ದ್ರುಓ ಜೊತೆ ಅವರ ನಿಜವಾದ ಹೆಂಡತಿ ಮಕ್ಕಳೇ ಅಭಿನಯಿಸಿದ್ದಾರೆ. ಹಾಗಾಗಿ ಪ್ರೀತಿ ನಟನೆ ಅನ್ನಿಸುವುದೇ ಇಲ್ಲ. ಫ್ರಾಂಸ್ವಾಗೆ ಅಂಚೆ ಕಚೇರಿಯ ಎಮಿಲಿ ಮೇಲೂ ಪ್ರೀತಿ ಹುಟ್ಟುತ್ತದೆ. ಅವನಿಗೆ ಪಾಪಪ್ರಜ್ಞೆ ಏನೂ ಇಲ್ಲ. ಸುಖಕ್ಕೆ ಇನ್ನಷ್ಟು ಸುಖ ಸೇರಿತು ಅನ್ನುವ ಲೆಕ್ಕ. ಒಂದು ಭಾನುವಾರ ಕಾಡಿನಲ್ಲಿ ಹೆಂಡತಿಗೆ ನಗುನಗುತ್ತಾ ಹೇಳಿಯೂ ಬಿಡುತ್ತಾನೆ. ಅವಳು ಒಪ್ಪಿದ ಹಾಗೆ ಕಾಣುತ್ತದೆ. ಅವನಿಗೆ ನಿದ್ದೆ ಹತ್ತುತ್ತದೆ. ಎದ್ದಾಗ ಅವಳಿಲ್ಲ. ಕೆರೆಯಲ್ಲಿ ಹೆಣ ಸಿಗುತ್ತದೆ.

ಬೇರೆ ಯಾರೇ ಆಗಿದ್ದರೂ ಇಲ್ಲಿಂದ ಅವನನ್ನು ಅಳಿಸುತ್ತಿದ್ದರು, ಶಿಕ್ಷೆ ಕೊಡಿಸುತ್ತಿದ್ದರು. ವಾರ್ದಾ ಏನು ಮಾಡುತ್ತಾರೆ? ಸ್ವಲ್ಪ ದಿನ ದುಃಖ. ಆಮೇಲೆ ಎಮಿಲಿ ಅದೇ ಮನೆಗೆ ಬರುತ್ತಾಳೆ. ಅದೇ ಮಕ್ಕಳಿಗೆ ಬಟ್ಟೆ ತೊಡಿಸುತ್ತಾಳೆ, ಅದೇ ಹಾಸಿಗೆ ಸರಿಮಾಡುತ್ತಾಳೆ. ಶರತ್ಕಾಲ ಬಂದಿದೆ. ನಾಲ್ವರೂ ಒಂದೇ ಥರದ ಹಳದಿ ಸ್ವೆಟರ್ ತೊಟ್ಟು ಕಾಡಿನತ್ತ ನಡೆಯುತ್ತಾರೆ. ಅದೇ ಮೊಟ್ಸಾರ್ಟ್, ಅಷ್ಟೇ ಚೆಲುವು, ಅಷ್ಟೇ ಸುಖ. ಒಬ್ಬ ಹೆಂಗಸಿನ ಜಾಗಕ್ಕೆ ಇನ್ನೊಬ್ಬಳು ಬಂದು ಕೂತಳು, ಸಂಸಾರಕ್ಕೆ ಏನೂ ಆಗಲಿಲ್ಲ. ನಿರ್ದೇಶಕಿ ಎಲ್ಲೂ ತಮ್ಮ ತೀರ್ಪು ಹೇಳುವುದಿಲ್ಲ. ಇದನ್ನು ನೋಡಿ ಆಗಲೇ ಹಲವರು ಸಿಟ್ಟಾದರು. ಈಕೆ ಗಂಡಸಿನ ಪರ ವಹಿಸಿದ್ದಾರೆ ಅಂದವರೂ ಇದ್ದರು. ನನಗೆ ಮಾತ್ರ ಇದು ಸಂಸಾರದ ಮೇಲೆ ಬಂದ ದೊಡ್ಡ ದೂರಿನ ಹಾಗೆ ಕಾಣುತ್ತದೆ. ಹೂವಿನ ಬಣ್ಣದಲ್ಲಿ ಬರೆದಿದ್ದಾರೆ ಅನ್ನುವುದೇ ಅದರ ವಿಷ. ಅಜ್ಜಿ ಅಜ್ಜಿ ಅನ್ನುವವರು ದಯವಿಟ್ಟು ಇದನ್ನು ನೋಡಿ.

ಸೋಲಿನ ಮಾತನ್ನೂ ಹೇಳಬೇಕು. 1966ರಲ್ಲಿ ಕ್ಯಾತ್ರಿನ್ ದನವ್ ಮತ್ತು ಮಿಷೆಲ್ ಪಿಕೊಲಿ ಅವರನ್ನು ಹಾಕಿ 'ಲೆ ಕ್ರಿಯಾತ್ಯೂರ್' ಮಾಡಿದರು. ಚಿತ್ರ ಮಲಗಿತು. ಅದರ ಫಿಲ್ಮ್ ಪ್ರತಿಗಳು ಹಾಗೇ ಬಿದ್ದಿದ್ದವು. 2006ರಲ್ಲಿ ಪ್ಯಾರಿಸ್‌ನ ಕಾರ್ತಿಯೆ ಪ್ರತಿಷ್ಠಾನದಲ್ಲಿ ಪ್ರದರ್ಶನ ಮಾಡುವಾಗ ವಾರ್ದಾ ಆ ರೀಲುಗಳನ್ನೇ ಗೋಡೆಯಂತೆ ಇಳಿಬಿಟ್ಟು ಒಂದು ಗುಡಿಸಲು ಕಟ್ಟಿದರು. ಹೆಸರು 'ಸೋಲಿನ ಗುಡಿಸಲು'. ನಾಲ್ಕು ದಶಕ ಹಳೆಯ ನಷ್ಟವನ್ನು ಹೀಗೆ ಬಳಸಿಕೊಂಡವರನ್ನು ನಾನು ಬೇರೆ ನೋಡಿಲ್ಲ.

1962ರಲ್ಲಿ ಜಾಕ್ ದಮಿ ಜೊತೆ ಮದುವೆ. ದಮಿ ಕೂಡ ನಿರ್ದೇಶಕರು. 1960ರ ದಶಕದ ಕೊನೆಗೆ ಅವರಿಗೆ ಹಾಲಿವುಡ್ ಕರೆ ಬಂದು ಇಬ್ಬರೂ ಲಾಸ್ ಏಂಜಲೀಸ್‌ಗೆ ಹೋದರು. ಅಲ್ಲಿ ವಾರ್ದಾ ಸುಮ್ಮನೆ ಕೂರಲಿಲ್ಲ. ಓಕ್‌ಲ್ಯಾಂಡ್‌ನಲ್ಲಿ ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಚಳವಳಿಯ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡಿದರು.

ಫ್ರಾನ್ಸಿಗೆ ಮರಳಿದ ಮೇಲೆ 1971ರಲ್ಲಿ, ತಾನು ಗರ್ಭಪಾತ ಮಾಡಿಸಿಕೊಂಡಿದ್ದೇನೆ ಎಂದು ಬಹಿರಂಗವಾಗಿ ಒಪ್ಪಿಕೊಂಡ 343 ಹೆಂಗಸರ ಹೇಳಿಕೆಗೆ ಸಹಿ ಹಾಕಿದರು. ಆಗ ಫ್ರಾನ್ಸಿನಲ್ಲಿ ಅದು ಅಪರಾಧ. ಕಾನೂನು ಬದಲಾಗಿದ್ದು 1975ರಲ್ಲಿ. ಈ ಹೋರಾಟದ ವರ್ಷಗಳ ಕಥೆಯೇ 1977ರ 'ಒನ್ ಸಿಂಗ್ಸ್, ದಿ ಅದರ್ ಡಸಂಟ್'. ಹಾಡುಗಳ ಚಿತ್ರ ಅದು. ಕೆಲವು ಹಾಡುಗಳು ಘೋಷಣೆಯ ಹಾಗಿವೆ. ನನಗೆ ಅಷ್ಟು ಹಿಡಿಸುವುದಿಲ್ಲ. ಆದರೆ ಅದರಲ್ಲಿನ ಇಬ್ಬರು ಗೆಳತಿಯರ ಪತ್ರ ವ್ಯವಹಾರ ಬಹಳ ಚೆನ್ನಾಗಿದೆ.

ಇದಕ್ಕಿಂತ ಸ್ವಲ್ಪ ಮುಂಚಿನ ಒಂದು ಚಿತ್ರದ ಹತ್ತಿರ ತುಸು ನಿಲ್ಲೋಣ. 1972ರಲ್ಲಿ ಮಗ ಮಾತ್ಯು ಹುಟ್ಟಿದ. ಕೂಸು ಬಿಟ್ಟು ದೂರ ಹೋಗುವ ಹಾಗಿಲ್ಲ. ಜರ್ಮನಿಯ ಟಿವಿ ವಾಹಿನಿಯೊಂದು ಏನು ಬೇಕಾದರೂ ಮಾಡಿಕೊಡಿ ಅಂದಿತು. ವಾರ್ದಾ ತಮ್ಮ ಬೀದಿಯ ಅಂಗಡಿಯವರನ್ನೇ ಚಿತ್ರ ಮಾಡಲು ಹೊರಟರು. ಬೇಕರಿ, ಮಾಂಸದಂಗಡಿ, ದರ್ಜಿ, ಅತ್ತರು ಮಾರುವ ವಯಸ್ಸಾದ ದಂಪತಿ. ದೀಪಕ್ಕೆ ಕರೆಂಟು ಬೇಕು, ಅಂಗಡಿಯವರಿಗೆ ಬಿಲ್ಲಿನ ಚಿಂತೆ. ಸರಿ, ಮನೆಯ ಮೀಟರಿನಿಂದಲೇ ಒಂದು ಉದ್ದದ ಕೇಬಲ್ ಎಳೆದರು. ನೂರು ಮೀಟರ್ ಒಳಗಿನ ಕೇಬಲ್. ಅದು ಎಲ್ಲಿವರೆಗೆ ಮುಟ್ಟುತ್ತದೋ ಅಲ್ಲಿವರೆಗೆ ಚಿತ್ರ. ಆಚೆಗೆ ಇಲ್ಲ. 'ದಾಗೆರೊಟೀಪ್' ಚಿತ್ರದ ಎಲ್ಲೆ ಹಾಕಿದ್ದು ಆ ವೈರು.

ಅತ್ತರಿನ ಅಂಗಡಿಯ ಮುದುಕಿ ಸಂಜೆಯಾಗುತ್ತಲೇ ಬಾಗಿಲ ಬಳಿ ಬಂದು ನಿಲ್ಲುತ್ತಾಳೆ. ಹೊರಗೆ ಹೋಗಬೇಕು ಅನ್ನುವ ಹಾಗೆ. ಹೋಗುವುದಿಲ್ಲ. ಇದನ್ನು ಕ್ಯಾಮೆರಾ ತಾಳ್ಮೆಯಿಂದ ಕಾಯುತ್ತದೆ. ತಾಯಿಯಾದವಳು ಮನೆಬಿಟ್ಟು ಕೆಲಸ ಮಾಡಲಾಗದ ಕಷ್ಟ, ಮತ್ತು ಈ ಮುದುಕಿ ಹೊಸಿಲು ದಾಟಲಾಗದ ಕಷ್ಟ. ಎರಡೂ ಒಂದೇ ಬೀದಿಯಲ್ಲಿದ್ದವು. ಬಿಡುವು ಸಿಗಲಿಲ್ಲ, ಹಣ ಸಿಗಲಿಲ್ಲ ಅಂತ ಗೊಣಗುವ ನಮ್ಮ ಯುವ ನಿರ್ದೇಶಕರಿಗೆ ಈ ಕೇಬಲ್ ಕಥೆ ಹೇಳಬೇಕು ಅನ್ನಿಸುತ್ತದೆ. ಹಾಗೆಂದು ವಾರ್ದಾ ಇದನ್ನು ತ್ಯಾಗ ಅಂತೇನೂ ಮೆರೆಸಲಿಲ್ಲ. ತಾಯಂದಿರಿಗೆ ಸಿನಿಮಾ ಮಾಡಲು ವ್ಯವಸ್ಥೆಯೇ ಇಲ್ಲ ಅನ್ನುವ ಸಿಟ್ಟು ಅವರಲ್ಲಿ ಕೊನೆವರೆಗೂ ಇತ್ತು.

1985ಕ್ಕೆ ಬರೋಣ. 'ವ್ಯಾಗಬಾಂಡ್'. ಫ್ರೆಂಚಿನಲ್ಲಿ 'ಸಾಂ ತ್ವಾ ನೀ ಲ್ವಾ'. ಸೂರಿಲ್ಲ, ಕಟ್ಟಳೆಯೂ ಇಲ್ಲ ಅಂತ. ವೆನಿಸ್ ಚಿತ್ರೋತ್ಸವದ ಅತಿ ದೊಡ್ಡ ಪ್ರಶಸ್ತಿ ಚಿನ್ನದ ಸಿಂಹ ಗೆದ್ದ ಚಿತ್ರ. ನನ್ನ ಪ್ರಕಾರ ಅವರ ಅತ್ಯುತ್ತಮ ಕೆಲಸ.

ಚಳಿಗಾಲ. ದಕ್ಷಿಣ ಫ್ರಾನ್ಸಿನ ದ್ರಾಕ್ಷಿ ತೋಟ. ಗುಂಡಿಯಲ್ಲಿ ಒಬ್ಬ ಹುಡುಗಿಯ ಹೆಣ, ಚಳಿಗೆ ಸೆಟೆದುಕೊಂಡಿದೆ. ಇದೇ ಮೊದಲ ದೃಶ್ಯ. ಅವಳ ಹೆಸರು ಮೋನಾ. ಆಮೇಲೆ ಅವಳ ಕೊನೆಯ ವಾರಗಳನ್ನು, ದಾರಿಯಲ್ಲಿ ಅವಳನ್ನು ಕಂಡವರ ಬಾಯಲ್ಲಿ ಕೇಳುತ್ತೇವೆ. ಮೋನಾ ಪಾತ್ರದ ಸಾಂದ್ರಿನ್ ಬೊನೇರ್‌ಗೆ ಆಗ 17 ವರ್ಷ. ಫ್ರಾನ್ಸಿನ ಸೆಜಾರ್ ಪ್ರಶಸ್ತಿಯಲ್ಲಿ ಅತ್ಯುತ್ತಮ ನಟಿ ಆದರು. ಜೊತೆಗಿದ್ದ ಬಹಳ ಮಂದಿ ಅಲ್ಲಿನ ಊರವರೇ.

ಮೋನಾ ಬಗ್ಗೆ ನಮಗೆ ಪಾಪ ಅನ್ನಿಸಬೇಕು ಅಂತ ವಾರ್ದಾ ಏನೂ ಮಾಡುವುದಿಲ್ಲ. ಅವಳು ಸ್ನಾನ ಮಾಡುವುದಿಲ್ಲ, ಧನ್ಯವಾದ ಹೇಳುವುದಿಲ್ಲ. ಓದು ಬಿಟ್ಟು ಆಡು ಸಾಕುತ್ತಿರುವ ಒಬ್ಬ ಸಜ್ಜನ ಅವಳಿಗೆ ಜಾಗ ಕೊಡುತ್ತಾನೆ, ಬೆಳೆ ಬೆಳೆಯಲು ನೆಲ ಕೊಡುತ್ತಾನೆ. ಅವಳು ಮಲಗಿ ಕಾಲ ಕಳೆಯುತ್ತಾಳೆ. ಟ್ಯುನೀಷಿಯಾದ ಕೂಲಿಯವನೊಬ್ಬ ದ್ರಾಕ್ಷಿ ಬಳ್ಳಿ ಸವರುವುದನ್ನು ಕಲಿಸುತ್ತಾನೆ. ಅಲ್ಲಿ ಇನ್ನೇನು ನೆಲೆ ನಿಲ್ಲುತ್ತಾಳೆ ಅನ್ನುವಷ್ಟರಲ್ಲಿ ಅವನ ಜೊತೆಗಾರರು ಒಪ್ಪುವುದಿಲ್ಲ. ಮರಗಳ ರೋಗ ಅಧ್ಯಯನ ಮಾಡುವ ಪ್ರೊಫೆಸರಮ್ಮ ಕಾರಿನಲ್ಲಿ ಕೂರಿಸಿಕೊಂಡು ತಿನ್ನಲು ಕೊಡುತ್ತಾಳೆ, ಆಮೇಲೆ ಇಳಿಸಿ ಹೋಗುತ್ತಾಳೆ. ಹಾಗಾದರೆ ಅವಳನ್ನು ಕೊಂದವರು ಯಾರು? ಚಳಿಯೇ? ಅವಳ ಹಟವೇ? ಚಿತ್ರ ಉತ್ತರ ಕೊಡುವುದಿಲ್ಲ. ಸಾಕ್ಷಿ ಹೇಳಿದವರ ಮಾತಿನಲ್ಲಿ ಅವರವರ ಆಸೆ, ಅವರವರ ಅಂಜಿಕೆ ಬಯಲಾಗುತ್ತದೆ. ಮೋನಾ ಮಾತ್ರ ಯಾರ ಕೈಗೂ ಸಿಗುವುದಿಲ್ಲ.

ಇಲ್ಲಿ ಕ್ಯಾಮೆರಾ ಕೆಲಸ ಗಮನಿಸಿ. ಚಿತ್ರದುದ್ದಕ್ಕೂ ಒಂದು ಡಜನ್‌ನಷ್ಟು ಟ್ರ್ಯಾಕಿಂಗ್ ಶಾಟ್‌ಗಳಿವೆ, ಅಂದರೆ ಕ್ಯಾಮೆರಾವೇ ಪಕ್ಕದಲ್ಲಿ ಸಾಗುತ್ತಾ ತೆಗೆದ ಶಾಟ್‌ಗಳು. ಎಲ್ಲದರಲ್ಲೂ ಮೋನಾ ಬಲದಿಂದ ಎಡಕ್ಕೆ ನಡೆಯುತ್ತಾಳೆ. ಫ್ರೆಂಚರೂ ನಮ್ಮ ಹಾಗೆ ಎಡದಿಂದ ಬಲಕ್ಕೆ ಓದುವವರು. ಹಾಗಾಗಿ ಅವಳ ನಡಿಗೆ ಕಣ್ಣಿಗೆ ಎದುರು ಬಿದ್ದ ಹಾಗೆ ಇರುತ್ತದೆ. ಕ್ಯಾಮೆರಾ ಅವಳ ಜೊತೆ ಸ್ವಲ್ಪ ಹೋಗಿ, ಅವಳನ್ನು ಬಿಟ್ಟು, ಯಾವುದೋ ವಸ್ತುವಿನ ಮೇಲೆ ನಿಲ್ಲುತ್ತದೆ. ಎಷ್ಟೋ ಹೊತ್ತಿನ ಮೇಲೆ ಬರುವ ಮುಂದಿನ ಶಾಟ್ ಅದೇ ಜಾತಿಯ ವಸ್ತುವಿನಿಂದ ಶುರು. ಒಂದೇ ಸಲ ನೋಡಿದರೆ ಇದು ತಿಳಿಯುವುದೇ ಇಲ್ಲ. ಆದರೆ ಇಷ್ಟು ಚದುರಿದ ಕಥೆ ಬಿದ್ದುಹೋಗದೆ ನಿಂತಿರುವುದು ಈ ಹೊಲಿಗೆಯಿಂದ.

ಇಷ್ಟು ಬಿಗಿಯಾದ ಚಿತ್ರಕ್ಕೆ ಪೂರ್ತಿ ಬರೆದ ಚಿತ್ರಕಥೆ ಇರಲಿಲ್ಲ! ಕೆಲವೇ ಪುಟಗಳ ಟಿಪ್ಪಣಿ ಇಟ್ಟುಕೊಂಡು ಹೊರಟಿದ್ದರು. ಜಾಗ ನೋಡಿ, ಜನ ನೋಡಿ, ಮಾತುಗಳನ್ನು ಅಲ್ಲಲ್ಲೇ ಬರೆಯುತ್ತಿದ್ದರು. ವಾರ್ದಾ ಪ್ರಕಾರ ಸಿನಿಮಾ ಬರೆಯುವುದು ಮೇಜಿನ ಮೇಲೆ ಮುಗಿಯುವುದಿಲ್ಲ. ಯಾವ ಬೀದಿ, ಯಾವ ಬೆಳಕು, ಕ್ಯಾಮೆರಾ ಓಡಬೇಕೋ ನಿಲ್ಲಬೇಕೋ, ಎಲ್ಲಿ ಕತ್ತರಿಸಬೇಕು, ಇವೆಲ್ಲ ಬರವಣಿಗೆಯೇ.

ಆಮೇಲಿನ ಕೆಲವು ಚಿತ್ರಗಳನ್ನು ಬೇಗ ದಾಟುತ್ತೇನೆ. 1988ರ 'ಕುಂಗ್-ಫು ಮಾಸ್ಟರ್' ನಡುವಯಸ್ಸಿನ ಹೆಂಗಸು ಶಾಲಾ ಹುಡುಗನನ್ನು ಪ್ರೀತಿಸುವ ಕಥೆ. ಹುಡುಗನ ಪಾತ್ರದಲ್ಲಿ ಅವರ ಮಗನೇ ಇದ್ದಾನೆ. ನನಗೆ ಅದನ್ನು ನೋಡಲು ಇವತ್ತಿಗೂ ಕಷ್ಟ. 1995ರಲ್ಲಿ ಸಿನಿಮಾಕ್ಕೆ ನೂರು ವರ್ಷ ಆದಾಗ ದೊಡ್ಡ ತಾರೆಯರನ್ನೆಲ್ಲ ಗುಡ್ಡೆ ಹಾಕಿ ಒಂದು ಚಿತ್ರ ಮಾಡಿದರು. ಹಣ ಜಾಸ್ತಿ ಇದ್ದಾಗಲೇ ಅವರ ಕೈ ಕಟ್ಟಿಹೋಗುತ್ತಿತ್ತೇನೋ. ಅದೂ ಮಲಗಿತು.

ಈ ಎರಡರ ನಡುವೆ 'ಜಾಕೋ ದ ನಾಂತ್' ಇದೆ. ಅದನ್ನು ಬೇಗ ದಾಟಲಾಗದು. ಗಂಡ ದಮಿಗೆ ಮರಣದ ಕಾಯಿಲೆ. ಅವರು ಮನೆಯಲ್ಲಿ ಕೂತು ತಮ್ಮ ಬಾಲ್ಯದ ನೆನಪು ಬರೆಯುತ್ತಿದ್ದರು. ವಾರ್ದಾ ಅದರಿಂದ ಚಿತ್ರಕಥೆ ಮಾಡಿ, ನಾಂತ್ ಊರಿನಲ್ಲಿ ದಮಿಯ ಅಪ್ಪ ನಡೆಸುತ್ತಿದ್ದ ಗ್ಯಾರೇಜಿನಲ್ಲೇ ಚಿತ್ರೀಕರಣ ಮಾಡಿದರು. ಸೆಟ್ಟಿಗೆ ದಮಿ ಬಂದು ಕೂರುತ್ತಿದ್ದರು. ನಡುನಡುವೆ ವಾರ್ದಾ ಕ್ಯಾಮೆರಾ ಅವರ ಮೈಗೆ ಅಂಟಿದಷ್ಟು ಹತ್ತಿರ ಹೋಗುತ್ತದೆ. ಕೂದಲು, ಚರ್ಮ, ಕಲೆಗಳು, ಕಣ್ಣು. ಚಿತ್ರೀಕರಣ ಮುಗಿದ ಕೆಲವೇ ದಿನಕ್ಕೆ, 1990ರ ಅಕ್ಟೋಬರ್ 27ರಂದು ದಮಿ ತೀರಿಕೊಂಡರು. ಏಡ್ಸ್ ಅನ್ನುವುದನ್ನು ವಾರ್ದಾ ಸಾರ್ವಜನಿಕವಾಗಿ ಹೇಳಿದ್ದು 2008ರಲ್ಲಿ, 'ದಿ ಬೀಚಸ್ ಆಫ್ ಆನ್ಯೆಸ್' ಚಿತ್ರದ ಹೊತ್ತಿಗೆ. ದಮಿ ಹೋದ ಮೇಲೆ ಅವರ ಚಿತ್ರಗಳ ಹಕ್ಕು ಸೇರಿಸಿ, ಹಾಳಾದ ಪ್ರತಿಗಳನ್ನು ರಿಪೇರಿ ಮಾಡಿಸಿ ಮತ್ತೆ ಥಿಯೇಟರಿಗೆ ತಂದಿದ್ದು ಸಿನೆ-ತಮಾರಿಸ್. ಶೋಕದ ಜೊತೆಗೇ ಕಂಪನಿ ಕೆಲಸವೂ ನಡೆಯಿತು.

2000ನೇ ಇಸವಿ. ವಾರ್ದಾಗೆ ಎಪ್ಪತ್ತು ದಾಟಿದೆ. ಅಂಗೈಯಲ್ಲಿ ಹಿಡಿಯಬಹುದಾದ ಡಿಜಿಟಲ್ ಕ್ಯಾಮೆರಾ ಬಂದಿದೆ. ಎಷ್ಟೋ ಹಿರಿಯ ನಿರ್ದೇಶಕರು ಅದನ್ನು ಆಟಿಕೆ ಅಂದರು. ವಾರ್ದಾ ಅದನ್ನು ಹಿಡಿದು ಊರೂರು ತಿರುಗಿ 'ದಿ ಗ್ಲೀನರ್ಸ್ ಅಂಡ್ ಐ' ಮಾಡಿದರು. ಕೊಯ್ಲಾದ ಮೇಲೆ ಹೊಲದಲ್ಲಿ ಹಕ್ಕಲು ಆಯುವವರ ಬಗ್ಗೆ ಚಿತ್ರ. ಮಿಲೆ ಅವರ ಹೆಸರಾಂತ ವರ್ಣಚಿತ್ರದಲ್ಲಿ ಮೂವರು ಹೆಂಗಸರು ಬಗ್ಗಿ ತೆನೆ ಆಯುತ್ತಿದ್ದಾರಲ್ಲ, ಅಲ್ಲಿಂದ ಶುರು. ಈಗ ಹೀಗೆ ಬಗ್ಗುವವರು ಯಾರು? ಆಲೂಗಡ್ಡೆ ಹೊಲದಲ್ಲಿ ಯಂತ್ರ ಗಾತ್ರ ನೋಡಿ ವಿಂಗಡಿಸುತ್ತದೆ. ದಪ್ಪದ್ದು, ಸಣ್ಣದ್ದು, ಸೊಟ್ಟದ್ದು ಎಲ್ಲ ಲೋಡುಗಟ್ಟಲೆ ಹೊಲಕ್ಕೇ ಸುರಿಯುತ್ತಾರೆ. ಬಡವರು ಬಂದು ಆಯುತ್ತಾರೆ. ಹೃದಯದ ಆಕಾರದ ಆಲೂಗಡ್ಡೆ ವಾರ್ದಾಗೆ ಸಿಗುವುದು ಅಲ್ಲೇ. ಕೋಸಿನ ಹೊಲದ ಮಧ್ಯೆ ಕಪ್ಪು ಗೌನು ತೊಟ್ಟ ವಕೀಲರೊಬ್ಬರು ಕಾನೂನು ಪುಸ್ತಕ ಹಿಡಿದು ನಿಂತು, ಆಯುವುದು ತಪ್ಪಲ್ಲ, 1554ರಷ್ಟು ಹಿಂದೆಯೇ ರಾಜಾಜ್ಞೆ ಇದೆ ಅಂತ ಓದಿ ಹೇಳುತ್ತಾರೆ. ಸೂರ್ಯ ಹುಟ್ಟಿದ ಮೇಲೆ, ಮುಳುಗುವ ಮೊದಲು ಆಯಬೇಕು, ಕೊಯ್ಲು ಮುಗಿದಿರಬೇಕು.

ಪ್ಯಾರಿಸ್ ಸಂತೆ ಮುಗಿದ ಮೇಲೆ ಬಿದ್ದ ಸೊಪ್ಪು, ಹಣ್ಣು ಆಯ್ದು ಅಲ್ಲೇ ತಿನ್ನುವ ಒಬ್ಬ ಮನುಷ್ಯ ಇದ್ದಾನೆ. ವಾರ್ದಾ ಮಾತಿಗೆಳೆದರೆ ಅವನು ಜೀವಶಾಸ್ತ್ರ ಓದಿದವನು. ಸಂಜೆ ಹೊತ್ತು ಆಫ್ರಿಕಾದಿಂದ ಬಂದ ವಲಸಿಗರಿಗೆ ಫ್ರೆಂಚ್ ಅಕ್ಷರ ಕಲಿಸುತ್ತಾನೆ, ಕಾಸಿಲ್ಲದೆ. ವಾರ್ದಾ ಆ ಕ್ಯಾಮೆರಾದಿಂದ ತಮ್ಮ ಮುದಿ ಕೈಯನ್ನೂ ನೆರೆಗೂದಲನ್ನೂ ತೋರಿಸುತ್ತಾರೆ. ಎರಡು ವರ್ಷದ ನಂತರ ಇದರ ಮುಂದಿನ ಭಾಗ ಮಾಡಿದಾಗ ಮತ್ತೆ ಅದೇ ಮನುಷ್ಯನ ಬಳಿ ಹೋದರು. ಅವನು ಚಿತ್ರ ಚೆನ್ನಾಗಿದೆ, ಆದರೆ ನೀವು ನಿಮ್ಮನ್ನು ತೋರಿಸಿಕೊಂಡಿದ್ದು ಬೇಕಿರಲಿಲ್ಲ ಅಂದ. ಆ ಮಾತನ್ನು ವಾರ್ದಾ ಕತ್ತರಿಸಲಿಲ್ಲ. ಚಿತ್ರದಲ್ಲೇ ಇಟ್ಟರು.

2017ರಲ್ಲಿ ಜೆಆರ್ ಅನ್ನುವ ಯುವ ಕಲಾವಿದನ ಜೊತೆ 'ಫೇಸಸ್ ಪ್ಲೇಸಸ್'. ಹಳ್ಳಿ ಹಳ್ಳಿಗೆ ಹೋಗಿ ಜನರ ಫೋಟೋ ತೆಗೆದು ಗೋಡೆಯಷ್ಟು ದೊಡ್ಡದಾಗಿ ಅಂಟಿಸುವುದು. ಲ ಆವ್ರ್ ಬಂದರಿನ ಕೂಲಿಗಳ ಹೆಂಡತಿಯರನ್ನು ಕಂಟೇನರುಗಳ ರಾಶಿಯೆತ್ತರಕ್ಕೆ ನಿಲ್ಲಿಸಿದ ದೃಶ್ಯ ಮರೆಯುವ ಹಾಗಿಲ್ಲ. ಕೊನೆಗೆ ಸ್ವಿಟ್ಜರ್ಲೆಂಡಿಗೆ ಹಳೆಯ ಗೆಳೆಯ ಗೊದಾರ್ ಮನೆಗೆ ಹೋಗುತ್ತಾರೆ. ಅವರು ಬಾಗಿಲು ತೆಗೆಯುವುದಿಲ್ಲ. ಗಾಜಿನ ಮೇಲೆ ಎರಡು ಸಾಲು ಗೀಚಿ ಹೋಗಿರುತ್ತಾರೆ. ವಾರ್ದಾ ಅಳುತ್ತಾರೆ, ಬೈಯುತ್ತಾರೆ, ಆಮೇಲೆ ಅವರಿಗೆ ಅಂತ ತಂದಿದ್ದ ತಿಂಡಿಯನ್ನು ಬಾಗಿಲಿಗೇ ನೇತುಹಾಕುತ್ತಾರೆ.

ಆ ಹೊತ್ತಿಗೆ ಕಾನ್ ಚಿತ್ರೋತ್ಸವದ ಗೌರವ ಪಾಮ್ ದೋರ್ ಪ್ರಶಸ್ತಿ ಬಂದಾಗಿತ್ತು, ಗೌರವ ಆಸ್ಕರ್ ಕೂಡ ಬಂತು. ಎರಡರಲ್ಲೂ ಅವರೇ ಮೊದಲ ನಿರ್ದೇಶಕಿ. ಆದರೂ ಈ ಚಿತ್ರಕ್ಕೆ ಜನರಿಂದ ಚಿಲ್ಲರೆ ಚಿಲ್ಲರೆಯಾಗಿ ಹಣ ಎತ್ತಬೇಕಾಯಿತು. 88 ವರ್ಷದವರು, ಅರವತ್ತು ವರ್ಷದ ಅನುಭವ, ಮತ್ತೆ ಚಂದಾ! 2018ರ ಕಾನ್ ಉತ್ಸವದಲ್ಲಿ 82 ಹೆಂಗಸರು ಕೆಂಪು ಹಾಸಿನ ಮೆಟ್ಟಿಲ ಮೇಲೆ ನಿಂತರು. ಅಲ್ಲಿಯವರೆಗೆ ಸ್ಪರ್ಧೆಗೆ ಬಂದ ಹೆಂಗಸರ ಚಿತ್ರಗಳು ಬರೀ 82. ಗಂಡಸರದು ಸಾವಿರದ ಆರುನೂರಕ್ಕೂ ಜಾಸ್ತಿ. ಆ ಹೆಂಗಸರ ಹೇಳಿಕೆಯನ್ನು ಅಲ್ಲಿ ಫ್ರೆಂಚಿನಲ್ಲಿ ಓದಿದವರು ವಾರ್ದಾ. ಅಲ್ಲಿ ನಗು ಇರಲಿಲ್ಲ. ಅದೇ ವರ್ಷದ ಕಟೌಟ್ ಫೋಟೋ ಎಲ್ಲರ ಫೋನಿಗೂ ಬಂತು, ಈ ಭಾಷಣ ಎಷ್ಟು ಜನರಿಗೆ ಬಂತು?

ಕೊನೆಯ ಚಿತ್ರ 'ವಾರ್ದಾ ಬೈ ಆನ್ಯೆಸ್' 2019ರ ಫೆಬ್ರುವರಿಯಲ್ಲಿ ಬರ್ಲಿನ್‌ನಲ್ಲಿ ತೆರೆ ಕಂಡಿತು. ಮಾರ್ಚ್ 29ರಂದು ಅವರು ಹೋದರು. ಈಗ ಕಂಪನಿಯನ್ನು ಮಗಳು ರೊಸಾಲಿ, ಮಗ ಮಾತ್ಯು ನೋಡಿಕೊಳ್ಳುತ್ತಿದ್ದಾರೆ.

ಮಾತು ಮುಗಿದ ಮೇಲೆ ಸಭೆಯಲ್ಲಿ ಒಬ್ಬರು ಕೇಳಿದರು: ಇಷ್ಟೊಂದು ಚಿತ್ರ ಇದೆ, ಎಲ್ಲಿಂದ ಶುರು ಮಾಡೋದು ಸರ್? ಆಗ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಮೊದಲು 'ವ್ಯಾಗಬಾಂಡ್' ನೋಡಿ. ಆಮೇಲೆ 'ಲ ಬೊನರ್'. ಈ ಎರಡೂ ಮೈಗೆ ಹತ್ತಿದ ಮೇಲೆ ಹಕ್ಕಲು ಆಯುವವರ ಚಿತ್ರಕ್ಕೆ ಬನ್ನಿ. ಅಜ್ಜಿಯ ತಮಾಷೆ ಆಗ ಬೇರೆ ಥರ ಕೇಳಿಸುತ್ತದೆ. 'ವಾರ್ದಾ ಬೈ ಆನ್ಯೆಸ್' ಕೊನೆಗಿರಲಿ. ಅದರಲ್ಲಿ ತಮ್ಮ ಚಿತ್ರಗಳ ಗುಟ್ಟನ್ನೆಲ್ಲ ಅವರೇ ಬಿಡಿಸಿ ಹೇಳಿಬಿಡುತ್ತಾರೆ. ಮತ್ತೆ 'ಲಾ ಪ್ವಾಂತ್ ಕೂರ್ತ್' ಅನ್ನು ಮಾತ್ರ ಫೋನಿನಲ್ಲಿ ನೋಡಬೇಡಿ. ಅಷ್ಟು ಸಣ್ಣ ಪರದೆಯಲ್ಲಿ ಬೆಸ್ತರ ಬಲೆಗಳು ಕಾಣಿಸುವುದಿಲ್ಲ.